ಮೊದಲ ಮೀನು ಹೊಳೆಗೆ

ಜೀವಂತ ಕೊರವ ಮೀನನ್ನು ಬಿಂದಿಗೆಯಲ್ಲಿಟ್ಟುಕೊಂಡು ಬಸ್ಸು ಹತ್ತಿದ ಕಂಡಕ್ಟರ್ ನಮ್ಮ ಡಿಪೋದಲ್ಲಿ ನಾನೊಬ್ಬಳೇ ಇರಬೇಕು. ಅದು ಶನಿವಾರ ಸಾಯಂಕಾಲ. ನಂಜನಗೂಡು–ನರಸೀಪುರ ರೂಟಿನ ನನ್ನ ಡ್ಯೂಟಿ ಆವತ್ತು ನರಸೀಪುರದಲ್ಲಿ ಮುಗಿದಿತ್ತು. ಮೇಲಿನ ಖಾಕಿ ಅಂಗಿಯನ್ನೂ ಬಿಚ್ಚಿರಲಿಲ್ಲ. ಬಸ್ ಸ್ಟ್ಯಾಂಡಿನ ಆಚೆ ನೀಲಿ ಡ್ರಮ್ಮಿನಲ್ಲಿ ಜೀವದ ಮೀನು ಮಾರುವ ಹೆಂಗಸಿನ ಹತ್ತಿರ ಹೋಗಿ, ಮೊಳದುದ್ದದ ಒಂದು ಕೊರವವನ್ನು ಆರಿಸಿ, ಬಿಂದಿಗೆಗೆ ಹಾಕಿಸಿಕೊಂಡು, ಬಾಯಿಗೆ ಒದ್ದೆ ಬಟ್ಟೆ ಕಟ್ಟಿದೆ. ಕೊರವ ಗಟ್ಟಿ ಜೀವ. ಒಂದು ಬೊಗಸೆ ನೀರಿದ್ದರೆ ಸಾಕು, ರಾತ್ರಿಯೆಲ್ಲಾ ಬದುಕುತ್ತದೆ.

ತವರಿನ ಕಡೆಗೆ ಹೋಗುವ ಬಸ್ಸಿನಲ್ಲಿ ನಾನು ಬಿಂದಿಗೆಯನ್ನು ಕಾಲ ಸಂದಿಯಲ್ಲಿ ಒತ್ತಿ ಹಿಡಿದು ಕೂತಿದ್ದೆ. ಹಂಪು ಬಂದಾಗೆಲ್ಲ ಒಳಗಿನಿಂದ ದಡ್ ಎಂದು ಬಡಿಯುವುದು. ಪಕ್ಕದಲ್ಲಿದ್ದ ಯಜಮಾನರು ಎರಡು ಸಲ ಬಿಂದಿಗೆ ನೋಡಿದರು, ಒಂದು ಸಲ ನನ್ನನ್ನು ನೋಡಿದರು. ಕೊನೆಗೆ ತಡೆಯಲಾರದೆ, ಒಳಗೇನಿದೆ ಮೇಡಂ ಎಂದರು. ನಮ್ಮಪ್ಪ ನಾಳೆ ಹಿಡಿಯೋ ಮೀನು ಎಂದೆ. ನಾನು ಇಳಿಯುವ ಹೆಮ್ಮಿಗೆ ಬರುವವರೆಗೂ ಅವರು ಕಿಟಕಿಯ ಕಡೆಗೇ ಮುಖ ಮಾಡಿಕೊಂಡಿದ್ದರು.

ನಗಬೇಡಿ. ನನಗೆ ಆವತ್ತು ನಗು ಬರುವ ಸ್ಥಿತಿ ಇರಲಿಲ್ಲ.

ಅಪ್ಪನಿಗೆ ಹಿಂದಿನ ವರ್ಷ ಸಂಕ್ರಾಂತಿ ಕಳೆದ ಮೇಲೆ ಲಕ್ವ ಹೊಡೆದಿತ್ತು. ಬೆಳಿಗ್ಗೆ ಎದ್ದು ಮುಖ ತೊಳೆಯಲು ಹೋದವನು ತಂಬಿಗೆ ಕೈಬಿಟ್ಟು ಹಿತ್ತಲಲ್ಲೇ ಕುಸಿದ. ಬಲಭಾಗ ಪೂರಾ ಹೋಯಿತು. ಮೈಸೂರಿನ ಆಸ್ಪತ್ರೆ, ಮಾತ್ರೆ, ಎಣ್ಣೆ ಎಲ್ಲ ಆಗಿ ಮಾತು ವಾಪಸು ಬಂತು, ಕಾಲೂ ಕೋಲು ಹಿಡಿದು ನಡೆಯುವಷ್ಟು ಬಂತು. ಬಲಗೈ ಮಾತ್ರ ಮುಷ್ಟಿ ಕಟ್ಟಿಕೊಂಡು ಕೂತುಬಿಟ್ಟಿತು. ವ್ಯಾಯಾಮ ಹೇಳಿಕೊಡುತ್ತಿದ್ದ ಡಾಕ್ಟರ್ ಹುಡುಗಿ ಬಿಡಿಸಿ ಹೇಳಿದ್ದಳು: ಕೈಗೆ ಹಿಡಿಯುವ ಶಕ್ತಿ ಬಂದಿದೆ, ಬಿಡುವ ಶಕ್ತಿ ಬಂದಿಲ್ಲ. ದಿನಾ ಬಿಸಿನೀರಿನಲ್ಲಿಟ್ಟು ಒಂದೊಂದೇ ಬೆರಳು ಬಿಡಿಸಬೇಕು, ಅದಕ್ಕೆ ಅವರೂ ಮನಸ್ಸು ಮಾಡಬೇಕು. ಈ ಬೇಸಿಗೆಯೊಳಗೆ ಆಗದಿದ್ದರೆ ಕೀಲು ಹಾಗೇ ಸೆಟೆದುಬಿಡುತ್ತದೆ. ಆಮೇಲೆ ಯಾರು ಏನು ಮಾಡಿದರೂ ಆ ಕೈ ಬಿಚ್ಚುವುದಿಲ್ಲ.

ಅಪ್ಪ ಮನಸ್ಸು ಮಾಡಲಿಲ್ಲ. ಮುಷ್ಟಿಯ ಮೇಲೆ ಟವೆಲ್ ಹೊದಿಸಿಕೊಂಡು ಜಗುಲಿಯ ಕಂಬಕ್ಕೆ ಒರಗಿ, ಬೀದಿಗೆ ಬೆನ್ನು ಹಾಕಿ ಕೂರುವುದೇ ಅವನ ಕೆಲಸವಾಯಿತು. ಯಾರಾದರೂ ಮಾತಾಡಿಸಲು ಬಂದರೆ ನಿದ್ದೆ ಬಂದವನ ಹಾಗೆ ಕಣ್ಣು ಮುಚ್ಚುತ್ತಿದ್ದ. ಅವ್ವ ಬಿಸಿನೀರು ತಂದಿಟ್ಟರೆ ಅದು ಆರಿ ತಣ್ಣಗಾಗುವವರೆಗೂ ನೋಡುತ್ತಿದ್ದ. ಉಗುರು ಅಂಗೈಗೆ ನಾಟದ ಹಾಗೆ ಅವ್ವ ವಾರಕ್ಕೊಮ್ಮೆ ಬೆರಳ ಸಂದಿಗೆ ಬಟ್ಟೆ ತೂರಿಸಿ, ಉಗುರು ಕತ್ತರಿಸಿ, ಒರೆಸುತ್ತಿದ್ದಳು. ಆಗ ಮಕ್ಕಳು ಯಾರೂ ಹತ್ತಿರ ಇರಕೂಡದು. ಅದು ಅವನ ಕಟ್ಟಪ್ಪಣೆ.

ಅಪ್ಪ ನಾಲೆಯಲ್ಲಿ ನೀರುಗಂಟಿಯಾಗಿದ್ದವನು. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ತೂಬು ಎತ್ತಿ ಇಳಿಸುವ ಕೆಲಸ. ಇಬ್ಬರು ಸೇರಿ ತಿರುಗಿಸುವ ಕಬ್ಬಿಣದ ತಿರುಪನ್ನು ಬಲಗೈ ಒಂದರಲ್ಲೇ ತಿರುಗಿಸುತ್ತಾನೆ ಎಂಬ ಹೆಸರು ಅವನಿಗಿತ್ತು. ಆ ಕೈ ಈಗ ಟವೆಲ್ಲಿನ ಕೆಳಗೆ ಅಡಗಿ ಕೂತಿತ್ತು. ದುಃಖ ಬಂದರೆ ನನಗೆ ಸಿಟ್ಟಾಗಿಯೇ ಬರುವುದು, ಏನು ಮಾಡಲಿ, ಹುಟ್ಟುಗುಣ. ಒಂದು ಸಲ ಊರಿಗೆ ಹೋದಾಗ ಅಪ್ಪನ ಮುಂದೆ ನಿಂತು ಕೂಗಾಡಿಬಿಟ್ಟೆ. ಚಿಕ್ಕ ಮಕ್ಕಳಿಗಿಂತ ಕಡೆಯಾಗಿ ಆಡುತ್ತಿದ್ದೀಯ, ಬೇಸಿಗೆ ಬಂದೇ ಬಿಡ್ತು ಎಂದೆ. ಅಪ್ಪ ಕಣ್ಣು ಮುಚ್ಚಿದ. ಅವ್ವ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ, ಕಿರುಚೋದೆಲ್ಲ ನಿನ್ ಬಸ್ಸಲ್ಲಿ ಮಡಗ್ಕೊ ಎಂದು ಗದರಿದಳು. ಅವಳ ಕಣ್ಣಲ್ಲೂ ನೀರಿತ್ತು.

ಹೊಳೆಯ ಯೋಚನೆ ಬಂದದ್ದು ಆಮೇಲೆ.

ನಾವು ಚಿಕ್ಕವರಿದ್ದಾಗ, ಕಟಾವಾಗಿ ನಾಲೆಗೆ ನೀರು ನಿಲ್ಲಿಸಿದ ಮೇಲೆ ನೀರುಗಂಟಿಗೆ ಏನು ಕೆಲಸ? ಆ ತಿಂಗಳುಗಳ ಭಾನುವಾರವೆಲ್ಲ ನಮಗೆ ಹೊಳೆ. ಅವ್ವ ಸಣ್ಣ ಪಾತ್ರೆ, ರಾಗಿಹಿಟ್ಟು, ಅರೆದ ಖಾರ ಗಂಟು ಕಟ್ಟಿಕೊಳ್ಳುವಳು. ಅಪ್ಪ ಬಿದಿರು ಕಡ್ಡಿಗಳನ್ನು ಹೆಗಲಿಗೇರಿಸುವನು. ತಿಪ್ಪೆಯ ಬುಡ ಕೆದಕಿ ಎರೆಹುಳ ಆಯ್ದು ಒದ್ದೆ ಮಣ್ಣಿನ ಜೊತೆ ತೆಂಗಿನ ಚಿಪ್ಪಿಗೆ ತುಂಬುವುದು ನನ್ನ ಕೆಲಸ. ಚಿಪ್ಪು ಹೊರುವುದು ತಮ್ಮನ ಕೆಲಸ, ಅದನ್ನು ದಾರಿಯಲ್ಲಿ ಚೆಲ್ಲುವುದೂ ಅವನದೇ ಕೆಲಸ. ಹೊಳೆಯ ಅಂಚಿಗೆ ಒಂದು ಹಳೇ ಹೊಂಗೆಮರ ಬಾಗಿಕೊಂಡಿದೆ. ಅದರ ಬೇರುಗಳು ನೀರಿನೊಳಕ್ಕೇ ಇಳಿದಿವೆ. ಅಲ್ಲಿ ಅಪ್ಪನ ಜಾಗ. ಅವ್ವ ಮೂರು ಕಲ್ಲು ಹೂಡಿ ಎಸರಿಡುವಳು. ನಾವು ಮಂಡಿಯುದ್ದ ನೀರಿನಲ್ಲಿ ಬಿದ್ದು ಎದ್ದು ಆಡುವುದು. ಮೊಸಳೆ ಇರೋ ಮಡು ಆಕಡೆ, ಈ ಬಂಡೆ ದಾಟಿದರೆ ಕಾಲು ಮುರಿಯುತ್ತೇನೆ ಎಂದು ಅಪ್ಪ ಕಡ್ಡಿಯಲ್ಲೇ ಗೆರೆ ತೋರಿಸುತ್ತಿದ್ದ.

ಗಾಳ ಹಾಕಿದ ಮೇಲೆ ಅಪ್ಪ ಬೇರೆಯೇ ಮನುಷ್ಯ. ಜೋಳದ ದಂಟಿನ ಬೆಂಡು ನೀರಿನ ಮೇಲೆ ತೇಲುತ್ತಿದ್ದರೆ ಅವನ ಮುಖದ ಗಂಟೆಲ್ಲಾ ಸಡಿಲವಾಗುತ್ತಿತ್ತು. ನಾಲೆಯ ಮೇಲೆ ದಿನವೆಲ್ಲ ಜನರ ಬೈಗುಳ ಕೇಳಿದವನು, ಅಲ್ಲಿ ಮೀನು ಬಂದರೂ ಖುಷಿ, ಬರದಿದ್ದರೂ ಖುಷಿ. ಎಷ್ಟು ಸಿಕ್ಕಿತು ಎಂದು ಮಾತ್ರ ಯಾರೂ ಕೇಳಬಾರದು. ಇನ್ನೊಂದು ಪದ್ಧತಿಯೂ ಇತ್ತು, ಅವನ ಅಪ್ಪನ ಕಾಲದಿಂದ ಬಂದದ್ದು. ಆ ದಿನದ ಮೊದಲ ಮೀನು ಎಂಥದ್ದೇ ಇರಲಿ, ಅದನ್ನು ವಾಪಸು ಹೊಳೆಗೆ ಬಿಡಬೇಕು. ಮೊದಲಿಂದು ಗಂಗಮ್ಮಂಗೆ, ಎರಡ್ನೇದ್ರಿಂದ ನಮ್ಗೆ ಎನ್ನುತ್ತಿದ್ದ. ಹಾಗೆ ಬಿಡುವಾಗ ಮೀನನ್ನು ಎಸೆಯುತ್ತಿರಲಿಲ್ಲ. ನೀರಿನೊಳಗೆ ಕೈ ಇಳಿಸಿ, ಬೆರಳು ಅಗಲಿಸಿ, ಅದು ತಾನಾಗಿ ಹೋಗುವವರೆಗೂ ಕಾಯುತ್ತಿದ್ದ.

ಈ ಪದ್ಧತಿಯನ್ನು ನಾನೂ ನನ್ನ ತಮ್ಮನೂ ಹೇಗೆ ಮರೆತೆವೋ ಆ ನಂಜುಂಡಪ್ಪನೇ ಬಲ್ಲ. ನಮಗೆ ನೆನಪಿದ್ದದ್ದು ಅವ್ವನ ಮೀನುಸಾರು. ಮಕ್ಕಳ ನೆನಪೆಲ್ಲ ನಾಲಗೆಯ ಮೇಲೇ ಇರುತ್ತದೆ ಎಂದು ಕಾಣುತ್ತದೆ.

ಉಪಾಯ ನನ್ನದು. ಅಪ್ಪನನ್ನು ಹೊಳೆಗೆ ಕರೆದುಕೊಂಡು ಹೋಗುವುದು. ಎಡಗೈಯಲ್ಲಿ ಕಡ್ಡಿ ಹಿಡಿಸುವುದು. ಒಂದು ದೊಡ್ಡ ಮೀನು ಅವನ ಗಾಳಕ್ಕೆ ಬೀಳುವ ಹಾಗೆ ಮಾಡುವುದು. ಒಂದು ಸಲ ಮೀನು ಬಿದ್ದರೆ ಹುಮ್ಮಸ್ಸು ಬರುತ್ತದೆ, ಹುಮ್ಮಸ್ಸು ಬಂದರೆ ಕೈ ಬಿಡಿಸಿಕೊಳ್ಳುವ ಮನಸ್ಸು ಮಾಡುತ್ತಾನೆ. ತಮ್ಮನಿಗೆ ಫೋನಿನಲ್ಲಿ ಹೇಳಿದರೆ ಅವನು, ಅಕ್ಕ, ಅಪ್ಪ ಮೀನಿನ ವಿಷಯದಲ್ಲಿ ಬಡಪೆಟ್ಟಿಗೆ ಬಗ್ಗೋ ಆಸಾಮಿ ಅಲ್ಲ ಎಂದ. ನೀನು ಬಾಯಿ ಮುಚ್ಚಿಕೊಂಡು ನಾನು ಹೇಳಿದಷ್ಟು ಮಾಡು ಎಂದೆ. ಅವನು ಪಾಪ, ಮೂರು ವರ್ಷದವನಿದ್ದಾಗಿನಿಂದ ಅದನ್ನೇ ಮಾಡಿಕೊಂಡು ಬಂದಿದ್ದಾನೆ.

ಭಾನುವಾರ ಅಪ್ಪನನ್ನು ಹೊರಡಿಸುವುದೇ ಕಷ್ಟವಾಯಿತು. ಒಂಟಿಗೈಯವನಿಗೆ ಹೊಳೆ ಯಾಕೆ, ನೀವು ಹೋಗಿ ಎಂದ. ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವ ತಡೆದಳು. ತನಗೆ ಹೊಂಗೆಮರದ ಕೆಳಗೆ ಒಂದು ಸಲ ಮುದ್ದೆ ಉಣ್ಣುವ ಆಸೆಯಾಗಿದೆ, ಅವನು ಬರದಿದ್ದರೆ ತಾನೂ ಹೋಗುವುದಿಲ್ಲ, ಅಷ್ಟೇ ಎಂದು ಹೇಳಿ ಎಲೆಅಡಿಕೆ ಹಾಕಿಕೊಂಡು ಕೂತಳು. ಅಪ್ಪ ಅವ್ವನ ಮಾತಿಗೆ ಯಾವತ್ತೂ ಜೋರಾಗಿ ಒಪ್ಪಿಕೊಂಡವನಲ್ಲ. ಸ್ವಲ್ಪ ಹೊತ್ತಾದ ಮೇಲೆ ಚಪ್ಪಲಿ ಎಲ್ಲಿ ಎಂದು ಕೇಳಿದ.

ತಮ್ಮನ ಗೂಡ್ಸ್ ಆಟೋದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಅಪ್ಪನನ್ನು ಕೂರಿಸಿದೆವು. ತಮ್ಮನ ಹೆಂಡತಿ ತವರಿಗೆ ಹೋಗಿದ್ದಳು, ನನ್ನ ಗಂಡನಿಗೆ ಫ್ಯಾಕ್ಟರಿಯಲ್ಲಿ ಭಾನುವಾರದ ಪಾಳಿ. ಹಾಗಾಗಿ ನಾವು ನಾಲ್ಕೇ ಜನ, ಹಳೇ ಕಾಲದ ಹಾಗೆ. ಬಿಂದಿಗೆಯನ್ನು ತಮ್ಮ ಬೆಳಿಗ್ಗೆಯೇ ಹೋಗಿ ಹೊಂಗೆಯ ಬೇರುಗಳ ಆಚೆ, ನೀರಿನಲ್ಲಿ ಕಲ್ಲು ಒತ್ತಿಟ್ಟು ಬಂದಿದ್ದ.

ಮಾಘದ ಬಿಸಿಲು, ತೆಳ್ಳಗಿನ ತಿಳಿನೀರು, ಅಡಿಯ ಮರಳಿನ ಗೆರೆಗಳು ಹಾಗೇ ಕಾಣುತ್ತಿದ್ದವು. ಆಚೆ ದಡದಲ್ಲಿ ಯಾರೋ ಎಮ್ಮೆ ಮೈ ತೊಳೆಯುತ್ತಿದ್ದರು. ಅಪ್ಪ ಕುರ್ಚಿಯಲ್ಲಿ ಕೂತು ನೀರು ನೋಡಿದ. ಟವೆಲ್ ಸರಿಮಾಡಿಕೊಂಡ. ಬೀದಿಗೆ ಬೆನ್ನು ಹಾಕಿದ ಹಾಗೆ ಹೊಳೆಗೆ ಬೆನ್ನು ಹಾಕಲಿಲ್ಲ. ನಾನು ಅಷ್ಟಕ್ಕೇ ಗೆದ್ದೆ ಎಂದುಕೊಂಡೆ.

ಗಾಳಕ್ಕೆ ಎರೆ ಚುಚ್ಚಿದ್ದು ನಾನು, ದಾರ ಎಸೆದದ್ದು ತಮ್ಮ. ಕಡ್ಡಿಯ ಬುಡವನ್ನು ಅಪ್ಪನ ಬಲ ಕಂಕುಳಿಗೆ ಸಿಕ್ಕಿಸಿ ಎಡಗೈಗೆ ಹಿಡಿಸಿದೆವು. ಹತ್ತು ನಿಮಿಷ ಆಗಿರಬೇಕು. ದಾರ ಬೇರಿಗೆ ಸಿಕ್ಕಿಕೊಂಡಿದೆ, ಬಿಡಿಸಿ ಬರುತ್ತೇನೆ ಎಂದು ತಮ್ಮ ಪಂಚೆ ಎತ್ತಿಕಟ್ಟಿ ನೀರಿಗಿಳಿದು ಬೇರುಗಳ ಆಚೆ ಮರೆಯಾದ. ನಾನು ಅಪ್ಪನ ಗಮನ ಈಕಡೆ ಇರಲಿ ಎಂದು ಬಸ್ಸಿನ ಕತೆ ಹೇಳಿದೆ, ಡ್ರೈವರ್ ಕತೆ ಹೇಳಿದೆ, ಇಲ್ಲದ ಕತೆಯನ್ನೂ ಹೇಳಿದೆ. ಗಾಳದ ಮುಂದೆ ಯಾರಾದರೂ ಇಷ್ಟು ಮಾತಾಡುತ್ತಾರೆಯೇ? ಕಳ್ಳನ ಮನಸ್ಸು ಹುಳ್ಳುಳ್ಳಗೆ. ತಮ್ಮ ವಾಪಸು ಬಂದು, ಬಿಡಿಸಿದೆ ಎಂದು ಹೇಳಿ ದೂರ ಹೋಗಿ ನಿಂತ. ಅವನ ಅಂಗಿ ಕತ್ತಿನವರೆಗೂ ಒದ್ದೆಯಾಗಿತ್ತು.

ಬೆಂಡು ಕಾಣದಂತೆ ಮುಳುಗಿತು. ಕಡ್ಡಿ ಬಿಲ್ಲಿನ ಹಾಗೆ ಬಾಗಿತು. ಅಪ್ಪನ ಬೆನ್ನು ನೆಟ್ಟಗಾಯಿತು. ಎಡಗೈಯೊಂದರಲ್ಲೇ ಅವನು ಅದನ್ನು ಆಡಿಸಿದ್ದು ನೋಡಬೇಕಿತ್ತು. ಎಳೆದಾಗ ಬಿಟ್ಟು, ಬಿಟ್ಟಾಗ ಎಳೆದು, ಬೇರಿನ ಕಡೆಗೆ ನುಗ್ಗದ ಹಾಗೆ ತಿರುಗಿಸಿ, ಕೊನೆಗೆ ಕೊರವವನ್ನು ಮರಳಿನ ಮೇಲಕ್ಕೆ ತಂದೇಬಿಟ್ಟ. ನಾನು ಚಪ್ಪಾಳೆ ತಟ್ಟಿದೆ. ತಮ್ಮ ಬಾಯಿಗೆ ಬೆರಳಿಟ್ಟು ಸಿಳ್ಳೆ ಹಾಕಿದ. ಅವ್ವ ಒಲೆಯ ಹತ್ತಿರದಿಂದ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು. ನಾನು ಮೀನನ್ನು ಒದ್ದೆ ಗೋಣಿಯ ಮೇಲಿಟ್ಟು ಅಪ್ಪನ ಕಾಲ ಹತ್ತಿರ ತಂದೆ.

ಅಪ್ಪ ಬಗ್ಗಿ ಮೀನಿನ ಬಾಯಿ ನೋಡಿದ. ಹೆಬ್ಬೆರಳಿನಲ್ಲಿ ತುಟಿ ಎತ್ತಿ ಇನ್ನೊಂದು ಸಲ ನೋಡಿದ. ಆಮೇಲೆ ತಮ್ಮನ ಒದ್ದೆ ಅಂಗಿ ನೋಡಿದ, ನನ್ನನ್ನು ನೋಡಿದ. ನಿಧಾನವಾಗಿ ಗಾಳ ಕಿತ್ತ. ಕುರ್ಚಿಯಿಂದ ಇಳಿದು ಮರಳಿನ ಮೇಲೆ ಕುಂಡಿಯೂರಿ ಕೂತು, ಎಡಗೈಯಲ್ಲಿ ಮೀನನ್ನು ನೀರಿನ ಕಡೆಗೆ ಜರುಗಿಸತೊಡಗಿದ.

"ಮೊದಲ್ನೇದು," ಎಂದ.

ನನಗೆ ಆಗ ನೆನಪಾಯಿತು. ತಮ್ಮನ ಮುಖ ನೋಡಿದರೆ ಅವನಿಗೂ ಅದೇ ಗಳಿಗೆಯಲ್ಲಿ ನೆನಪಾಗಿತ್ತು. ಅಪ್ಪಾ, ಬೇಡಪ್ಪಾ, ಅದು ಅಂತ ಏನೋ ಶುರುಮಾಡಿದೆ, ಮುಂದೆ ಏನು ಹೇಳಲಿ? ಬಿಂದಿಗೆಯಲ್ಲಿ ತಂದದ್ದು ಎನ್ನಲೇ? ಅಷ್ಟರಲ್ಲಿ ಕೊರವ ಬಾಲ ಬಡಿದು, ನನ್ನ ಮುಖಕ್ಕೆ ನೀರು ಎರಚಿ ಕಾವೇರಿಗೆ ಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದು ಇದಕ್ಕೇ. ಅವ್ವ ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡು ನಗುತ್ತಿದ್ದಳು. ಅವಳಿಗೆ ಎಲ್ಲ ಗೊತ್ತಿತ್ತು ಎಂದು ಕಾಣುತ್ತದೆ.

ಅಪ್ಪ ನಗಲಿಲ್ಲ. ನೀರು ನೋಡುತ್ತಲೇ ಹೇಳಿದ.

"ಗಾಳ ನುಂಗಿದ ಮೀನ್ಗೆ ಒಳಗಿಂದ ಈಚೆಗೆ ಚುಚ್ಚಿರ್ತದೆ ಕನಮ್ಮಿ. ಇದ್ಕೆ ಈಚೆಯಿಂದ ಒಳಕ್ಕೆ ಚುಚ್ಚಿತ್ತು."

ಸಿಕ್ಕಿಬಿದ್ದ ಮೇಲೆ ಮನುಷ್ಯ ತಲೆ ತಗ್ಗಿಸಬೇಕು. ನಾನು ತಲೆ ತಗ್ಗಿಸುವವಳಲ್ಲ. ಕೂಗಾಡಿದೆ. ಹೌದು, ತಂದೆ, ನಾನೇ ತಂದೆ, ಏನೀಗ ಎಂದೆ. ನೀನು ಗೋಡೆ ನೋಡಿಕೊಂಡು ಕೂತಿದ್ದರೆ ನಾನು ಏನು ಮಾಡಬೇಕಿತ್ತು, ಬೇಸಿಗೆ ಕಳೆದರೆ ಆ ಕೈ ಕಲ್ಲಾಗಿಬಿಡುತ್ತದೆ, ನಿನಗೆ ಅದು ಬೇಡವಾದರೆ ಹೇಳಿಬಿಡು, ನಾವು ಆಸೆ ಬಿಟ್ಟುಬಿಡುತ್ತೇವೆ ಎಂದೆ. ಹೇಳುತ್ತ ಹೇಳುತ್ತ ಅಳು ಬಂದುಬಿಟ್ಟಿತು. ತುಂಬಿದ ಬಸ್ಸಿನಲ್ಲಿ ಕುಡುಕರನ್ನು ಕತ್ತು ಹಿಡಿದು ಇಳಿಸಿದವಳು ಹೊಳೆಯ ದಡದಲ್ಲಿ ನಿಂತು ಮಗುವಿನ ಹಾಗೆ ಅತ್ತೆ. ಎಮ್ಮೆ ತೊಳೆಯುತ್ತಿದ್ದವರೂ ಈಕಡೆ ತಿರುಗಿ ನೋಡಿದರು.

ಅಪ್ಪ ನಾನು ಮುಗಿಸುವವರೆಗೂ ಕಾದ. ಆಮೇಲೆ ನಿಧಾನವಾಗಿ ಶುರುಮಾಡಿದ. ಲಕ್ವ ಹೊಡೆದ ಮೇಲೆ ಒಂದೇ ಸಲಕ್ಕೆ ಅವನು ಅಷ್ಟು ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ.

"ನನ್ ಅಂಗಿ ಗುಂಡಿ ನೀವ್ ಆಕ್ತೀರಿ. ಮುದ್ದೆ ನೀವ್ ಮುರ್ದು ಕೊಡ್ತೀರಿ. ನಿಮ್ಮವ್ವ ಮಗೀಗ್ ತೊಳ್ದಂಗೆ ಕೈ ತೊಳೀತಾಳೆ. ಈಗ ಮೀನೂ ನೀವೇ ಇಡ್ದು ಕೊಟ್ರೆ, ನಾನ್ ಮಾಡಾದೇನು? ಸಿಗ್ದಿದ್ರೆ ಓಗ್ಲಿ. ಸಿಗ್ದೆ ಇರಾದಾದ್ರೂ ನಂದಾಗಿರ್ಲಿ."

ಒಂದು ವರ್ಷದಿಂದ ನಾವು ಮೂವರೂ ಅವನಿಗೆ ಮಾಡಿದ್ದನ್ನೆಲ್ಲ ಅಕ್ಕರೆ ಎಂದೇ ಅಂದುಕೊಂಡಿದ್ದೆ. ಅಕ್ಕರೆಯೇ, ಅನುಮಾನವಿಲ್ಲ. ಆದರೆ ಅವನು ಅಂಗಿಯ ಗುಂಡಿಗೆ ಕೈ ಹಾಕಿದರೆ, ಬಿಡಪ್ಪ ನಾನು ಹಾಕುತ್ತೇನೆ ಎಂದು ಅವನ ಕೈ ಸರಿಸುತ್ತಿದ್ದವಳು ನಾನೇ. ಎಷ್ಟು ಸಲ ಹಾಗೆ ಸರಿಸಿದ್ದೇನೋ.

ಅಪ್ಪ ಎರೆಯ ಚಿಪ್ಪನ್ನು ತನ್ನ ಹತ್ತಿರ ಇಡಲು ಹೇಳಿದ. ಆಮೇಲೆ ನಮ್ಮನ್ನು ಒಲೆಯ ಹತ್ತಿರಕ್ಕೆ ಓಡಿಸಿದ. ಕರೆಯುವವರೆಗೂ ಯಾರೂ ಬರಕೂಡದು. ಅಷ್ಟು ಹೊತ್ತಿಗೆ ಅವನ ದನಿಯಲ್ಲಿ ಹಳೇ ನೀರುಗಂಟಿಯ ಗತ್ತು ಬಂದಿತ್ತು. ನಾವು ಎದ್ದು ಬಂದೆವು.

ದೂರದಿಂದ ನೋಡುವುದು ಎಷ್ಟು ಕಷ್ಟ ಎಂದು ನನಗೆ ಆವತ್ತು ಗೊತ್ತಾಯಿತು. ಅಪ್ಪ ಮರಳಿನ ಮೇಲೆ ಕಾಲು ಚಾಚಿ ಕೂತು, ಟವೆಲ್ ತೆಗೆದು ಪಕ್ಕಕ್ಕೆ ಇಟ್ಟ. ಗಾಳದ ಹಿಡಿಯ ತುದಿಯನ್ನು ಬಲಮುಷ್ಟಿಯ ಸಂದಿಗೆ ತುರುಕಿದ. ಆ ಮುಷ್ಟಿಗೆ ಹಿಡಿಯುವುದಂತೂ ಬರುತ್ತಿತ್ತಲ್ಲ. ಎಡಗೈಯಲ್ಲಿ ಎರೆ ತೆಗೆದು ಚುಚ್ಚಲು ಹೋದ, ಜಾರಿತು. ಮತ್ತೆ ಜಾರಿತು. ಗಾಳವೇ ಬಿದ್ದುಹೋಗಿ ಮರಳಿನಲ್ಲಿ ತಡಕಾಡಿದ. ನಾನು ಏಳಲು ಹೋದೆ. ಅವ್ವ ನನ್ನ ದುಪಟ್ಟಾ ಹಿಡಿದು ಜಗ್ಗಿದಳು. ಮೂರು ಸಲ ಎದ್ದೆ, ಮೂರು ಸಲವೂ ಜಗ್ಗಿದಳು. ಮೂರನೆಯ ಸಲ ದುಪಟ್ಟಾವನ್ನು ತನ್ನ ಮಂಡಿಯ ಕೆಳಗೆ ಒತ್ತಿಕೊಂಡು ಕೂತು ಮುದ್ದೆ ತಿರುವಿದಳು.

ಎರೆ ಸಿಕ್ಕಿತು. ದಾರ ಎಸೆದ. ಮೊದಲನೆಯದು ಕಾಲ ಹತ್ತಿರವೇ ಬಿತ್ತು, ಎರಡನೆಯದು ಕೊಂಬೆಗೆ ತಗುಲಿತು. ನಾಲ್ಕನೆಯದೋ ಐದನೆಯದೋ ನೀರಿನ ಸರಿಯಾದ ಜಾಗಕ್ಕೆ ಹೋಯಿತು. ಬೆಂಡು ಎದ್ದು ನಿಂತಿತು.

ಮುದ್ದೆ ಆಯಿತು. ಸಾರಿಗೆ ಏನು ಗತಿ ಎಂದು ನಾನು ಕೇಳಿದರೆ ಅವ್ವ ಗಂಟಿನಿಂದ ಒಂದು ಡಬ್ಬಿ ತೆಗೆದಳು. ಬೆಳಿಗ್ಗೆಯೇ ಮಾಡಿ ತಂದ ದಂಟಿನ ಸೊಪ್ಪಿನ ಸಾರು. ನಿಮ್ಮಪ್ಪನ ಗಾಳ ನಂಬಿಕೊಂಡು ನಾನು ಯಾವತ್ತೂ ಎಸರು ಇಟ್ಟಿಲ್ಲ ಎಂದಳು. ನಾವು ಚಿಕ್ಕವರಿದ್ದಾಗಲೂ ಗಂಟಿನ ತಳದಲ್ಲಿ ಇಂಥದ್ದೊಂದು ಡಬ್ಬಿ ಇದ್ದೇ ಇರುತ್ತಿತ್ತಂತೆ. ಮೀನು ಸಿಕ್ಕದ ದಿನವೂ ನಾವು ಉಂಡಿದ್ದೆವಲ್ಲ, ಅದು ಎಲ್ಲಿಂದ ಬಂತೆಂದು ನನಗೆ ಹೊಳೆದೇ ಇರಲಿಲ್ಲ. ಮೂವರೂ ಉಂಡೆವು. ಅಪ್ಪನ ಪಾಲನ್ನು ಅವ್ವ ಮುಚ್ಚಿಟ್ಟಳು, ಹೋಗಿ ಕರೆಯಲಿಲ್ಲ.

ಬಿಸಿಲು ಇಳಿಯತೊಡಗಿತು. ತಮ್ಮ ಹೊಂಗೆಯ ನೆರಳಿನಲ್ಲಿ ನಿದ್ದೆ ಹೋದ. ಎಮ್ಮೆಗಳು ಮನೆಗೆ ಹೋದವು. ಅಪ್ಪ ಎರಡು ಸಲ ಎರೆ ಬದಲಾಯಿಸಿದ. ಎರಡು ಸಲವೂ ಅಷ್ಟೇ ಹೊತ್ತು ಹಿಡಿಯಿತು, ಆದರೆ ನನಗೆ ಏಳಬೇಕು ಎನ್ನಿಸುವುದು ಕಡಿಮೆಯಾಗಿತ್ತು. ಆಮೇಲೆ ಬೆಂಡು ಒಂದು ಸಲ ಅಲುಗಿತು, ಎರಡು ಸಲ ಅಲುಗಿತು, ಓರೆಯಾಗಿ ಒಳಕ್ಕೆ ಹೋಯಿತು. ಅಪ್ಪ ಕಡ್ಡಿ ಎತ್ತಿದ.

ನಾಲ್ಕು ಬೆರಳಗಲದ ಜಿಲೇಬಿ ಮೀನು. ಬೆಕ್ಕಿಗೂ ಸಾಲದ್ದು. ಅದು ದಾರದ ತುದಿಯಲ್ಲಿ ಬಿಸಿಲಿಗೆ ಹೊಳೆಯುತ್ತ ತಿರುಗುತ್ತಿತ್ತು. ಗಾಳ ಬಿಡಿಸಬೇಕಲ್ಲ, ಅಪ್ಪ ಕಡ್ಡಿಯನ್ನು ತೊಡೆಯ ಕೆಳಗೆ ಒತ್ತಿ, ಎಡಗೈಯಲ್ಲಿ ಮೀನು ಹಿಡಿದು, ಅದನ್ನು ಎರೆ ಚುಚ್ಚುವಾಗ ಗಾಳ ಸಿಕ್ಕಿಸಿದ ಹಾಗೆಯೇ ಬಲಮುಷ್ಟಿಯ ಸಂದಿಗೆ ತೂರಿಸಿದ. ಮುಷ್ಟಿ ಕಚ್ಚಿಕೊಂಡಿತು. ಎಡಗೈಯಿಂದ ಗಾಳ ಕಿತ್ತ. ಒಳಗಿಂದ ಈಚೆಗೆ.

"ಬಲ್ರಿ," ಎಂದು ಕರೆದ. ನಾವು ಓಡಿದೆವು.

ಹತ್ತಿರ ಹೋಗಿ ನೋಡಿದರೆ ಜಿಲೇಬಿಯ ಬೆನ್ನಿನ ಮುಳ್ಳು ಅವನ ಬೆರಳಿಗೆ ನಾಟಿ ಒಂದು ಹನಿ ರಕ್ತ ಬಂದಿತ್ತು. ಚುಚ್ತಾ ಅದೆ, ಗೊತ್ತಾಯ್ತಾ ಅದೆ ಎಂದು ಅವ್ವನಿಗೆ ತೋರಿಸಿದ. ನೋವಾಗುತ್ತಿದೆ ಎಂದು ಒಬ್ಬ ಮನುಷ್ಯ ಅಷ್ಟು ಸಂತೋಷದಿಂದ ಹೇಳಿದ್ದನ್ನು ನಾನು ಇನ್ನೆಲ್ಲೂ ನೋಡಿಲ್ಲ. ಮನೆಗೆ ಒಯ್ಯೋಣಪ್ಪ, ಗಂಗಮ್ಮನ ಪಾಲು ಆಗಲೇ ಹೋಯಿತಲ್ಲ, ಮೊಳದುದ್ದದ್ದು ಎಂದೆ.

"ಅದು ನಿಂದು," ಎಂದ ಅಪ್ಪ. "ಇದು ನಂದು."

ಮುಷ್ಟಿಯನ್ನು ಹಾಗೇ ನೀರಿಗಿಳಿಸಿದ. ಹಳೇ ಕಾಲದಲ್ಲಿ ಇಳಿಸುತ್ತಿದ್ದ ಹಾಗೆಯೇ, ಮಣಿಕಟ್ಟಿನವರೆಗೆ. ಆಮೇಲೆ ಏನೂ ಆಗಲಿಲ್ಲ. ಮುಷ್ಟಿ ಬಿಡಲಿಲ್ಲ. ಮೀನಿನ ಬಾಲ ಮಾತ್ರ ಕಿರುಬೆರಳಿನ ಕೆಳಗೆ ಪಟಪಟ ಬಡಿಯುತ್ತಿತ್ತು. ಹಿಡಿಯುವ ಶಕ್ತಿ ಬಂದಿದೆ, ಬಿಡುವ ಶಕ್ತಿ ಬಂದಿಲ್ಲ. ಆ ಹುಡುಗಿ ಹೇಳಿದ ಮಾತು ನನ್ನ ಕಿವಿಯಲ್ಲೇ ಕೂತಿತ್ತು. ಅಪ್ಪನ ಹಣೆಯ ಮೇಲೆ ಬೆವರು ಒಡೆದಿತ್ತು. ಅವನ ಎಡಗೈ ಸುಮ್ಮನೆ ತೊಡೆಯ ಮೇಲಿತ್ತು. ಅದರಲ್ಲಿ ಬಿಡಿಸಿಬಿಡಬಹುದಿತ್ತು, ಬಿಡಿಸಲಿಲ್ಲ. ನನ್ನ ಎರಡು ಕೈಯೂ ನೀರಿನಿಂದ ಒಂದು ಗೇಣು ದೂರದಲ್ಲಿದ್ದವು. ಅವನ್ನು ಹಿಂದಕ್ಕೆ ಎಳೆದು ಕಂಕುಳಲ್ಲಿ ಸಿಕ್ಕಿಸಿಕೊಂಡೆ. ಬಾಯಿಯನ್ನೂ ಬಿಗಿಹಿಡಿದೆ. ನನ್ನ ಜನ್ಮದಲ್ಲಿ ಅಷ್ಟು ಹೊತ್ತು ನಾನು ಸುಮ್ಮನಿದ್ದದ್ದಿಲ್ಲ.

ನೀರು ಹರಿಯುತ್ತಿತ್ತು. ಬಾಲದ ಬಡಿತ ನಿಧಾನವಾಗತೊಡಗಿತು. ಅಪ್ಪ ಮೀನಿನ ಕಡೆ ನೋಡಿ, ತಡಿ ಮಗ, ತಡಿ ಮಗ ಎಂದು ತೊದಲಿದ. ನಾವು ಚಿಕ್ಕವರಿದ್ದಾಗ ಕಾಲಿನ ಮುಳ್ಳು ತೆಗೆಯುವಾಗ ಹಾಗೆ ಹೇಳುತ್ತಿದ್ದ.

ಮೊದಲು ಕಿರುಬೆರಳು ಅಲುಗಿತು. ನೀರಿನ ಆಟವೋ ಏನೋ ಎಂದುಕೊಂಡೆ. ಅಲ್ಲ. ಅದು ಸ್ವಲ್ಪ ಎದ್ದಿತು. ಅದರ ಪಕ್ಕದ್ದು ಅದರ ಹಿಂದೆಯೇ ಎದ್ದಿತು. ಅಷ್ಟೇ, ಎರಡೇ ಬೆರಳು, ಒಂದು ಬಾಗಿಲು ಓರೆ ಮಾಡಿದಷ್ಟು. ಜಿಲೇಬಿಗೆ ಅಷ್ಟು ಸಾಕಾಯಿತು. ಬಾಲ ಒಂದು ಸಲ ಬಡಿದು ಹೊಂಗೆಯ ಬೇರಿನ ಕಡೆಗೆ ಹೋಗಿಬಿಟ್ಟಿತು.

ಯಾರೂ ಕೂಗಲಿಲ್ಲ. ತಮ್ಮ ಮುಖ ಆಕಡೆ ತಿರುಗಿಸಿಕೊಂಡ. ಅವ್ವ ಸೆರಗಿನಲ್ಲಿ ಮೂಗು ಒರೆಸಿಕೊಂಡು, ಮುದ್ದೆ ಆರಿ ಕಲ್ಲಾಯ್ತು, ಬಂದು ಉಣ್ಣಬಾರದಾ ಎಂದಳು. ಅಪ್ಪ ಕೇಳಿಸಿಕೊಳ್ಳಲಿಲ್ಲ. ನೀರಿನಿಂದ ಕೈ ತೆಗೆದು ನನ್ನ ಮುಂದೆ ಚಾಚಿದ. ಎಡಗೈಯಲ್ಲ, ಬಲಗೈ. ಆ ಎರಡು ಬೆರಳು ಇನ್ನೂ ಬಿಚ್ಚಿಯೇ ಇದ್ದವು. ಅವುಗಳ ಸಂದಿಯಲ್ಲಿ ಅಂಗೈ ಕಾಣುತ್ತಿತ್ತು. ತಿರುಪು ತಿರುಗಿಸಿ ಜಡ್ಡುಗಟ್ಟಿದ್ದ ಆ ಅಂಗೈ ಒಂದು ವರ್ಷ ಬಿಸಿಲು ಕಾಣದೆ ಎಳೇಮಗುವಿನದರ ಹಾಗೆ ಬೆಳ್ಳಗಾಗಿತ್ತು. ನಡುವೆ ಉಗುರಿನ ಗುರುತುಗಳು.

"ಇನ್ನೊಂದ್ ಎರೆ ಕೊಡಮ್ಮಿ," ಎಂದ.

ನಾನು ಚಿಪ್ಪಿನ ಮಣ್ಣು ಕೆದಕಿ, ಇದ್ದುದರಲ್ಲಿ ದಪ್ಪನೆಯದೊಂದನ್ನು ಆರಿಸಿ ಆ ಅಂಗೈಯಲ್ಲಿಟ್ಟೆ.